ಬಿಗುಮಾನದ ಇಂಜಿನ್ನು

ಕತ್ತರಿಯಕ್ಕ ಒಣಹಾಕಿದ್ದ ಬಿಳಿ ಟವೆಲ್ಲೊಂದನ್ನು ಎಳೆದು ಮೂಗಿಗೆ ಹಿಡಿದಳು. ಹಿಡಿದವಳೇ ತೋಳುದ್ದ ದೂರ ಸರಿಸಿದಳು. ಮತ್ತೆ ಅದೇ! ಸುಟ್ಟ ಹರಳೆಣ್ಣೆ, ಅದರ ಮೇಲೆ ಉಗುರುಬಣ್ಣ ಅಳಿಸುವ ನೀರಿನಂಥ ಘಾಟು. ಸೋಪಿನ ಪುಡಿಯಲ್ಲಿ ನೆನೆಸಿ, ಕುದಿಯುವ ನೀರಿನಲ್ಲಿ ಅದ್ದಿ ತೆಗೆದ ಟವೆಲ್ಲು ಅದು. ಚಿಕ್ಕಂದಿನಲ್ಲಿ ಹೊಟ್ಟೆ ಕಟ್ಟಿದಾಗ ಅಮ್ಮ ಮೂಗು ಹಿಡಿದು ಬಾಯಿಗೆ ಸುರಿಯುತ್ತಿದ್ದ ಚಮಚ ನೆನಪಾಯಿತು.

"ಇದರ ಮೇಲೂ ಕಕ್ಕಿತಾ ನಿಮ್ಮ ಕೂಸು?" ಎಂದಳು.

ಮೇಜಿನ ಮುಂದೆ ಬೆನ್ನು ಬಗ್ಗಿಸಿ ಕೂತಿದ್ದ ಗಂಡ ತಿರುಗಲಿಲ್ಲ. "ಅದು ಕಕ್ಕಿದ್ದಲ್ಲ ಕಣೇ. ಜಾಸ್ತಿ ಕುಡಿದಿತ್ತು, ನಾನೇ ಬಗ್ಗಿಸಿ ತೆಗೆದೆ."

"ಕುಡಿದಿದ್ದನ್ನ ಬಗ್ಗಿಸಿ ತೆಗೆದ್ರೆ ಇನ್ನೇನು ಅಂತಾರೆ ಅದಕ್ಕೆ?"

ಮುಂದಿನ ಕೋಣೆ ಅವಳ ಅಂಗಡಿ: ಎರಡು ಕನ್ನಡಿ, ಎರಡು ಕುರ್ಚಿ, ತಲೆ ತೊಳೆಯುವ ಬೇಸಿನ್ನು. ಹಿಂದಿನ ಕೋಣೆಯಲ್ಲಿ ಟವೆಲ್ಲು ಒಗೆದು ಒಣಗಿಸುವುದು. ಈ ಎರಡು ಕೋಣೆಗಳಲ್ಲಿ ನಿಂತು ನಿಂತೇ ಅವಳ ಕಾಲಿನ ನರ ಗಂಟುಕಟ್ಟಿತ್ತು. ಈಗ ಹಿಂದಿನ ಕೋಣೆ ಅವಳದಾಗಿ ಉಳಿದಿರಲಿಲ್ಲ. ಬಟ್ಟೆ ಮಡಿಸುವ ಮೇಜಿನ ಮೇಲೆ, ಹಾಲಿನ ಕುಕ್ಕರಿಗಿಂತ ಸ್ವಲ್ಪ ದೊಡ್ಡದಾದ ಕಾರೊಂದು ನಾಲ್ಕು ಚಕ್ರ ಊರಿ ಕೂತಿತ್ತು. ಕೈಯಲ್ಲಿ ಹಿಡಿದ ರೇಡಿಯೊ ಪೆಟ್ಟಿಗೆಯಿಂದ ದೂರದಲ್ಲೇ ನಿಂತು ಓಡಿಸುವ ಕಾರು. ಆಟದ ಸಾಮಾನು ಅಂದರೂ ಅದರೊಳಗೆ ನಿಂಬೆಹಣ್ಣಿನಷ್ಟು ಗಾತ್ರದ ನಿಜವಾದ ಇಂಜಿನ್ನಿತ್ತು. ಹರಳೆಣ್ಣೆ ಬೆರೆಸಿದ ನಿಜವಾದ ಇಂಧನ ಕುಡಿಯುತ್ತಿತ್ತು, ನಿಜವಾಗಿ ನಾರುತ್ತಿತ್ತು. ಓಡುವುದೊಂದು ಬಿಟ್ಟು ಮಿಕ್ಕಿದ್ದೆಲ್ಲ ನಿಜ.

ತಂದುಕೊಟ್ಟವನು ಅವಳ ತಮ್ಮನೇ. ಲಾರಿ ಗ್ಯಾರೇಜಿನಿಂದ ನಿವೃತ್ತನಾದ ಬಾವ ಅಕ್ಕನ ಅಂಗಡಿಯ ಬೆಂಚಿನಲ್ಲಿ ಕೂತು ಹಳೆಯ ಪತ್ರಿಕೆ ತಿರುವಿಹಾಕುವುದನ್ನೂ, ಬಂದ ಹೆಂಗಸರು ಅವನನ್ನು ಕಂಡು ಸೆರಗು ಸರಿಮಾಡಿಕೊಳ್ಳುವುದನ್ನೂ ನೋಡಿದ್ದ. "ಬಾವ, ಇಂಜಿನ್ನು ಹೊಚ್ಚ ಹೊಸದು, ಬಿಗಿ ಇರತ್ತೆ. ಹೇಗೆ ಶುರುಮಾಡೋದು ಅಂತ ಒಂದ್ಸಲ ತೋರಿಸಿಕೊಡ್ತೀನಿ" ಅಂದಿದ್ದ. ಬಾವ ನಕ್ಕುಬಿಟ್ಟಿದ್ದ. "ನೀನು ನನಗೆ ತೋರಿಸ್ತೀಯಾ? ಹೋಗೋ, ಮೊದಲು ನಿನ್ನ ಸ್ಕೂಟರಿಗೆ ಗಾಳಿ ತುಂಬಿಸ್ಕೋ."

ಆ ನಗುವಿಗೊಂದು ಕಾರಣವಿತ್ತು. ಗ್ಯಾರೇಜಿನಲ್ಲಿ ಅವನನ್ನು 'ಒಂದೇಟಿನ ಮೇಸ್ತ್ರಿ' ಎಂದೇ ಕರೆಯುತ್ತಿದ್ದರು. ಉಳಿದವರೆಲ್ಲ ಕೈಚೆಲ್ಲಿ ಕೂತ ಲಾರಿಯನ್ನೂ ಅವನು ಒಂದೇ ಏಟಿಗೆ ಎಬ್ಬಿಸುತ್ತಿದ್ದ. ಅಂಥವನ ಮಾತಿಗೆ ಈ ನಿಂಬೆಹಣ್ಣು ಜಪ್ಪಯ್ಯ ಅಂದರೂ ಜಗ್ಗಲಿಲ್ಲ. ಎಬ್ಬಿಸಲು ಅದಕ್ಕಿದ್ದ ಹಗ್ಗ ಎಳೆದರೆ ಗೊರಕ್ ಎಂದು ಸುಮ್ಮನಾಗುತ್ತಿತ್ತು. ಇನ್ನಷ್ಟು ಇಂಧನ ಉಣಿಸಿದರೆ ಒಳಗೆಲ್ಲ ತುಂಬಿಕೊಂಡು ಹಗ್ಗವೇ ಬಿಗಿದುಕೊಳ್ಳುತ್ತಿತ್ತು. ಆಗ ಪ್ಲಗ್ಗು ಬಿಚ್ಚಿ, ಕಾರನ್ನು ತಲೆಕೆಳಗು ಮಾಡಿ ಎಳೆಯಬೇಕು. ಪಿಚಕ್ ಎಂದು ಹಾರಿದ್ದು ಗೋಡೆಗೆ, ಟವೆಲ್ಲಿಗೆ, ಒಮ್ಮೆ ಅವಳ ಕಾಫಿ ಲೋಟಕ್ಕೂ ಬಿದ್ದಿತ್ತು. ಗೊತ್ತಾಗದೆ ಒಂದು ಗುಟುಕು ಕುಡಿದ ಅವಳು ಅವತ್ತಿಡೀ ಬೇರೇನನ್ನೂ ಬಾಯಿಗಿಡಲಿಲ್ಲ.

"ಹೊರಗೆ ಕೂತು ಮಾಡ್ಕೊಳ್ರೀ, ಜಗಲಿ ಖಾಲಿ ಬಿದ್ದಿದೆ" ಎಂದು ಎಷ್ಟು ಸಲ ಹೇಳಿದರೂ ಅವನು ಕೇಳಿರಲಿಲ್ಲ. ಎದುರಿಗೇ ಲಾರಿ ನಿಲ್ದಾಣ. ಅಲ್ಲಿನ ಡ್ರೈವರುಗಳೆಲ್ಲ ಅವನ ಕೈಚಳಕ ಕಂಡವರು. ಅವರ ಕಣ್ಣೆದುರು ಆಟದ ಕಾರಿನ ಹಗ್ಗ ಎಳೆದೂ ಎಳೆದೂ ಸೋಲುವುದೆಂದರೆ! ಅದಕ್ಕಿಂತ ಹೆಂಡತಿಯ ಟವೆಲ್ಲು ಹಾಳಾಗುವುದೇ ವಾಸಿ ಎಂದುಕೊಂಡಿದ್ದ. ಅವಳಿಗೆ ವಾಸನೆಗಿಂತ ಹೆಚ್ಚು ಹೇಸಿಗೆ ಹುಟ್ಟಿಸಿದ್ದು ಈ ಬಿಗುಮಾನ.

ಇಷ್ಟಾದರೂ ಸಹಿಸಿಕೊಂಡಿದ್ದಳು, ಹೆಡ್ ಮೇಡಂ ಫೋನು ಮಾಡುವ ತನಕ. ಹೋದ ವಾರ ಅವರ ಕೂದಲ ತುದಿ ಕತ್ತರಿಸಿ, ತೊಳೆದು, ಬಿಸಿಗಾಳಿ ಯಂತ್ರ ಹಿಡಿದು ಚೆಂದಾಗಿ ಒಣಗಿಸಿ ಕಳಿಸಿದ್ದಳು. ಆ ಯಂತ್ರವನ್ನು ಅವಳಿಲ್ಲದಾಗ ಗಂಡ ಇಂಜಿನ್ನು ಬೆಚ್ಚಗೆ ಮಾಡಲು ಬಳಸಿದ್ದನೆಂದು ಅವಳಿಗೇನು ಕನಸು ಬಿದ್ದಿತ್ತೇ?

"ಮೀಟಿಂಗಲ್ಲಿ ಡ್ರಿಲ್ ಮಾಸ್ತರು ಕುರ್ಚಿ ಎತ್ಕೊಂಡು ದೂರ ಹೋಗಿ ಕೂತ್ರು" ಎಂದಿದ್ದರು ಹೆಡ್ ಮೇಡಂ. "ನನ್ನ ತಲೆಯಲ್ಲಿ ಏನು ಕರಿದಿದ್ದೀಯಮ್ಮಾ? ಇನ್ನೊಂದೇ ಸಲ ಬರ್ತೀನಿ. ಆಗಲೂ ಹೀಗೇ ಆದ್ರೆ ತಿರುವಿನಲ್ಲಿ ಹೊಸ ಅಂಗಡಿ ಆಗಿದೆ."

ಅವರು ಹೋದರೆ ಶಾಲೆಯ ಟೀಚರುಗಳೆಲ್ಲ ಹಿಂದೆಯೇ ಹೋಗುತ್ತಾರೆ. ಟೀಚರುಗಳು ಹೋದರೆ ಈ ಎರಡು ಕುರ್ಚಿಗಳ ಮೇಲೆ ಕೂರುವವರು ಯಾರು? ಆ ಹೆಡ್ ಮೇಡಂ ಬರುವ ದಿನವೇ ಇವತ್ತು.

"ನೋಡ್ರೀ" ಎಂದಳು, ನಾರುವ ಟವೆಲ್ಲನ್ನು ಮೂಲೆಗೆಸೆದು. "ಮೇಡಂ ಹೋಗೋದ್ರೊಳಗೆ ಅದು ಈ ಕೋಣೆ ಬಿಡ್ಬೇಕು. ಓಡ್ಕೊಂಡಾದ್ರೂ ಹೋಗ್ಲಿ, ಗುಜರಿಯವನ ಚೀಲದಲ್ಲಾದ್ರೂ ಹೋಗ್ಲಿ."

ಅವನು ಬಿಚ್ಚಿದ್ದ ಪ್ಲಗ್ಗನ್ನು ಇಂಜಿನ್ನಿಗೆ ತಿರುಗಿಸಿ ಹಾಕಿದ. "ಆಯ್ತು" ಎಂದ. ಆ ಒಂದು ಮಾತಿನಲ್ಲಿ ಅವನ ಮುಖ ಇಳಿದುಹೋದದ್ದನ್ನು ಕಂಡು ಅವಳಿಗೆ ಅಯ್ಯೋ ಅನಿಸಬೇಕಿತ್ತು. ಅನಿಸಲಿಲ್ಲ. ಅವನ ಉಗುರ ಸಂದಿಯ ಜಿಡ್ಡು ಕಣ್ಣಿಗೆ ಬಿದ್ದು ಮುಖ ಸಿಂಡರಿಸಿಕೊಂಡಳು.

ಹೆಡ್ ಮೇಡಂ ಬಂದರು. ಬಾಗಿಲಲ್ಲೇ ನಿಂತು ಮೂಗರಳಿಸಿ ಗಾಳಿ ಪರೀಕ್ಷೆ ಮಾಡಿ ಆಮೇಲೆ ಒಳಗಡಿಯಿಟ್ಟರು. ಕತ್ತರಿಯಕ್ಕ ಕಿಟಕಿ ತೆರೆದಿಟ್ಟಿದ್ದಳು, ನಿಂಬೆಯ ಸಿಪ್ಪೆ ಹಿಂಡಿ ನೆಲ ಒರೆಸಿದ್ದಳು, ಹಿಂದಿನ ಕೋಣೆಯ ಬಾಗಿಲ ಸಂದಿಗೆ ಗೋಣಿಚೀಲ ತುರುಕಿದ್ದಳು. ಅವರ ಕೊರಳಿಗೆ ಬಟ್ಟೆ ಕಟ್ಟಿ ಬೈತಲೆಯಿಂದ ಬಣ್ಣ ಹಚ್ಚುತ್ತ ಬಂದಳು. ಅರ್ಧ ತಲೆ ಮುಗಿದಿತ್ತು, ಅಷ್ಟರಲ್ಲಿ ಹಿಂದಿನ ಕೋಣೆಯಿಂದ ಝುಯ್ ಎಂದು ಕೇಳಿಸಿತು.

ಅವಳ ಕೈ ನಿಂತಿತು. ಅವಳ ಬಿಸಿಗಾಳಿ ಯಂತ್ರದ ಸದ್ದು!

"ಏನಮ್ಮಾ ಅದು?" ಎಂದರು ಹೆಡ್ ಮೇಡಂ.

"ಅದು ಬಾಯ್ಲರ್ರು ಮೇಡಂ. ಒಂದ್ನಿಮಿಷ, ಬಂದೆ."

ಗೋಣಿ ಒದ್ದು ಒಳಗೆ ನುಗ್ಗಿ ಬಾಗಿಲು ಹಾಕಿಕೊಂಡಳು. ಅವನು ಒಂದು ಕೈಯಲ್ಲಿ ಯಂತ್ರ ಹಿಡಿದು, ನೆಗಡಿಯಾದ ಮಗುವಿಗೆ ಶಾಖ ಕೊಡುವ ಹಾಗೆ ಇಂಜಿನ್ನಿಗೆ ಬಿಸಿಗಾಳಿ ಬಿಡುತ್ತಿದ್ದ. ಇನ್ನೊಂದು ಕೈಯಲ್ಲಿ ಬ್ಯಾಟರಿ ಕೋಲು. ಅದನ್ನು ಪ್ಲಗ್ಗಿನ ನೆತ್ತಿಗೆ ಸಿಕ್ಕಿಸಿದರೆ ಒಳಗಿನ ತಂತಿ ಕೆಂಡದ ಹಾಗೆ ಕಾಯುತ್ತಿತ್ತು. ಯಂತ್ರದ ಬಾಯಿ ಜಿಡ್ಡಿನಿಂದ ಮಿರಮಿರ ಮಿನುಗುತ್ತಿತ್ತು.

"ನನ್ನದೇ ಬೇಕಾ ನಿಮಗೆ? ಮತ್ತೆ ನನ್ನದೇನಾ?" ಅವಳ ದನಿ ಪಿಸುಮಾತಾಗಿದ್ದರೂ ಸೀಳುತ್ತಿತ್ತು.

"ಇರೇ, ಕಾದಿದೆ. ಈಗ ಕೋಲು ತೆಗೆದು ಒಂದೇ ಒಂದು—"

"ತೆಗಿಯೋದೂ ಬೇಡ, ಇಡೋದೂ ಬೇಡ!"

ಅವನ ಬೆರಳು ಕೋಲಿನ ಮೇಲಿದ್ದಾಗಲೇ ಅವಳು ಹಗ್ಗದ ಹಿಡಿಗೆ ಕೈ ಹಾಕಿದಳು. ಕಿತ್ತೇ ಬರಲಿ, ಕಿತ್ತು ಬಂದರೆ ಒಂದು ಪೀಡೆ ತೊಲಗುತ್ತದೆ ಎಂದು, ಇಷ್ಟು ದಿನದ ಅಸಹ್ಯವನ್ನೆಲ್ಲ ಮೊಣಕೈಗೆ ತಂದುಕೊಂಡು ಎಳೆದಳು.

ಹಗ್ಗ ಕಿತ್ತು ಬರಲಿಲ್ಲ. ಇಂಜಿನ್ನು ಒಮ್ಮೆ ಕೆಮ್ಮಿ, ಹಿಂದೆಯೇ ಕಿವಿ ಗುಂಯ್‌ಗುಡುವ ಹಾಗೆ ಕಿರುಚಿಕೊಂಡಿತು. ನೀಲಿ ಹೊಗೆ ಬುಸ್ಸೆಂದು ಎದ್ದಿತು. ಹೊಗೆಕೊಳವೆಯಿಂದ ಎಣ್ಣೆಯ ಹನಿಗಳು ಚಿಮ್ಮಿ ಒಗೆದ ಟವೆಲ್ಲುಗಳ ಮೇಲೆ, ಅವಳ ಕೆನ್ನೆಯ ಮೇಲೆ ಕೂತವು. ಒಂದು ನೇರವಾಗಿ ತುಟಿಗೇ.

"ಥೂ!"

ಗಂಡ ಕಾರನ್ನಲ್ಲ, ತನ್ನ ಕೈಯಲ್ಲಿನ್ನೂ ಪ್ಲಗ್ಗಿಗೇ ಸಿಕ್ಕಿಕೊಂಡಿದ್ದ ಕೋಲನ್ನು ನೋಡುತ್ತಿದ್ದ. "ಡೀಸೆಲ್ಲು" ಎಂದ, ತನ್ನಷ್ಟಕ್ಕೆ ತಾನೇ. "ಡೀಸೆಲ್ ಲಾರಿ ಅಂದ್ಕೊಂಡಿದ್ದೆ ಕಣೇ. ಅದರಲ್ಲಿ ಪ್ಲಗ್ಗು ಕಾಯಿಸಿ, ಕಾವು ನಿಲ್ಲಿಸಿ, ಆಮೇಲೆ ತಿರುಗಿಸ್ತೀವಿ. ಇದಕ್ಕೆ ಏಳೋವರೆಗೂ ಕಾವು ಇಟ್ಟೇ ಇರ್ಬೇಕು. ನಾನು ಪ್ರತಿ ಸಲ ಬೆಂಕಿ ಕಿತ್ಕೊಂಡು, ಏಳು ಏಳು ಅಂತಿದ್ದೆ."

"ನಿಮ್ಮ ಪುರಾಣ ಆಮೇಲೆ. ಮೊದಲು ಆಚೆ ತಗೊಂಡು ಹೋಗ್ರೀ ಅದನ್ನ!"

ಆಚೆಗೆ ಹೋಗಲು ಇದ್ದದ್ದು ಅಂಗಡಿಯ ಬಾಗಿಲೊಂದೇ. ಅವನು ರೇಡಿಯೊ ಪೆಟ್ಟಿಗೆ ಕಂಕುಳಿಗೆ ಸಿಕ್ಕಿಸಿ, ಕಿರುಚುವ ಕಾರನ್ನು ಎದೆಗವಚಿಕೊಂಡು, ಚಕ್ರಗಳು ಗಾಳಿಯಲ್ಲಿ ಗಿರಗಿರ ತಿರುಗುತ್ತಿರಲು, ಹೊಗೆಯ ಬಾಲ ಬಿಡುತ್ತ ಹೆಡ್ ಮೇಡಂ ಪಕ್ಕದಲ್ಲೇ ಹಾದುಹೋದ. ಅರ್ಧ ಕಪ್ಪು ಅರ್ಧ ಬಿಳಿ ತಲೆಯ ಹೆಡ್ ಮೇಡಂ ಕೊರಳ ಬಟ್ಟೆಯನ್ನೇ ಎತ್ತಿ ಮೂಗು ಮುಚ್ಚಿಕೊಂಡರು. ಎದ್ದು ಹೋಗುವ ಹಾಗೂ ಇಲ್ಲ, ಕೂರುವ ಹಾಗೂ ಇಲ್ಲ.

"ಇದೇನಾ ನಿನ್ನ ಬಾಯ್ಲರ್ರು?"

ಕತ್ತರಿಯಕ್ಕನಿಗೆ ಭೂಮಿ ಬಾಯಿಬಿಡಬಾರದೇ ಅನಿಸಿತು. ಕೈ ತೊಳೆದು, ಮತ್ತೆ ತೊಳೆದು, ಉಳಿದರ್ಧ ತಲೆಗೆ ಬಣ್ಣ ಹಚ್ಚಿದಳು.

ತೆರೆದ ಕಿಟಕಿಯಿಂದ ನಿಲ್ದಾಣದ ಗದ್ದಲ ಕೇಳುತ್ತಿತ್ತು. ಡ್ರೈವರುಗಳು ಮುತ್ತಿಕೊಂಡಿದ್ದರು. ನಡುವೆ ಕಾರು ಕಿರುಚುತ್ತ ಸುತ್ತು ಹಾಕುತ್ತಿತ್ತು.

"ಬಂತಪ್ಪಾ ಒಂದೇಟು!" ಎಂದು ಒಬ್ಬ ಕೂಗಿದ. "ಏನು ಮೇಸ್ತ್ರಿ, ಕೈ ಇನ್ನೂ ಬಿದ್ದಿಲ್ಲ!"

ಈಗ ಮೀಸೆ ತಿರುವುತ್ತಾನೆ ಎಂದುಕೊಂಡು ಅವಳು ಹಲ್ಲು ಕಚ್ಚಿದಳು.

"ನನ್ನ ಕೈಯಲ್ಲಪ್ಪಾ" ಎಂದ ಗಂಡ, ಇಡೀ ಬೀದಿಗೆ ಕೇಳುವ ಹಾಗೆ. "ನಾನು ಎಳೆದೂ ಎಳೆದೂ ಸೋತೆ. ಅವಳು ಎಳೆದಿದ್ದು. ಒಂದೇ ಏಟು."

"ಹಂಗಾದ್ರೆ ಅವರೇ ಒಂದೇಟಕ್ಕ!"

ನಗು ಕಿಟಕಿಯವರೆಗೂ ಬಂತು. ತಲೆಗೊಂದು ಜಿಡ್ಡಿನ ಹೆಸರು ಬೇರೆ ಅಂಟಿತಲ್ಲ ಎಂದು ಅವಳು ಮೂಗು ಮುರಿದಳು. ಆದರೆ ಕಿಟಕಿ ಮುಚ್ಚಲಿಲ್ಲ.

ತಲೆ ತೊಳೆದಾದ ಮೇಲೆ ಹೆಡ್ ಮೇಡಂ ಬಿಸಿಗಾಳಿ ಯಂತ್ರದತ್ತ ಬೆರಳು ತೋರಿಸಿದರು. "ಅದು ಬೇಡ. ಹಂಗೇ ಒಣಗ್ಲಿ." ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ಬೀದಿಯ ಕಡೆ ನೋಡಿದರು. "ಹೊರಗೆ ಹೋಯ್ತಲ್ಲ, ಹೊರಗೇ ಇರ್ಲಿ. ಅದು ಮತ್ತೆ ಒಳಗೆ ಬಂದ ದಿನ ನಾನು ಹೊರಗೆ, ತಿಳೀತಾ?"

"ತಿಳೀತು ಮೇಡಂ."

ಬೆಳಕು ಇಳಿಯುವ ಹೊತ್ತಿಗೆ ಅವನು ಮೆಟ್ಟಿಲ ಬಳಿ ಬಂದು ನಿಂತ. ಕಾರು ಕಂಕುಳಲ್ಲಿತ್ತು, ಅಂಗಿ ಎದೆಯಿಡೀ ಕಪ್ಪು, ಮುಖದಲ್ಲಿ ಹಲ್ಲು ಮಾತ್ರ ಬೆಳ್ಳಗೆ. ಹೊಸ್ತಿಲು ದಾಟಲಿಲ್ಲ.

"ಬರಲಾ?" ಎಂದ.

ಅವಳು ಬೆರಳು ಮೂಸಿಕೊಂಡಳು. ಇಡೀ ಸೋಪು ಸವೆಸಿದರೂ ಹರಳೆಣ್ಣೆ ಹೋಗಿರಲಿಲ್ಲ. ಮೂಲೆಗೆಸೆದಿದ್ದ ಟವೆಲ್ಲನ್ನು ಎರಡು ಬೆರಳಲ್ಲಿ ಎತ್ತಿ ತಂದು, ಸತ್ತ ಇಲಿಯ ಹಾಗೆ ದೂರ ಹಿಡಿದು ಜಗಲಿಗೆ ಎಸೆದಳು.

"ಅದಕ್ಕೆ ಇದನ್ನು ಹೊದಿಸಿ ಅಲ್ಲೇ ಮಲಗಿಸಿ. ನೀವು ಬನ್ನಿ, ನೇರ ಬಚ್ಚಲಿಗೆ."