ನೆರಳಿನ ಪೀಪಾಯಿ

ಆ ವರ್ಷ ವೆನೆಜುವೆಲಾದ ಮಾರಕೈಬೊ ಸರೋವರದ ದಂಡೆಯಲ್ಲಿ ದೇಶದ ಮಾನ, ಎರಡು ಸರ್ಕಾರಗಳ ಸ್ನೇಹ, ತೈಲದ ಭವಿಷ್ಯ ಎಲ್ಲವೂ ಒಂದು ಘಟನೆಗೆ ಜೋತುಬಿದ್ದವು: ಅಕಿಲಿನೊ ತಣ್ಣೀರು ಕುಡಿದಿದ್ದ.

ಎಣ್ಣೆಬಾವಿಯ ಬಳಿ ಎರಡು ಪೀಪಾಯಿಗಳು. ನೆರಳಿನದು ಅಮೆರಿಕದವರದು, ಅದರಲ್ಲಿ ಐಸು ತೇಲುತ್ತಿತ್ತು. ಬಿಸಿಲಿನದು ಕೂಲಿಗಳದು, ಅದರ ಮೇಲೆ ಎಣ್ಣೆ ಕೆನೆಗಟ್ಟಿತ್ತು. ಹದಿನಾಲ್ಕು ವರ್ಷ ಬಾಯ್ಲರಿಗೆ ಬೆಂಕಿ ಹಾಕಿದ್ದ ಅಕಿಲಿನೊ ಕಣ್ಣು ಕತ್ತಲೆ ಬಂದು ನೆರಳಿನದಕ್ಕೆ ತನ್ನ ಸೋರೆಬುರುಡೆ ಅದ್ದಿಬಿಟ್ಟ.

ಅಮೆರಿಕದ ಮೇಸ್ತ್ರಿ ಕೂಗಾಡಲಿಲ್ಲ. ಪೀಪಾಯಿಯನ್ನು ಮರಳಿಗೆ ಬೋರಲು ಹಾಕಿಸಿ, ಉಜ್ಜಿ ತೊಳೆಸಿದ. ತೊಳೆದವನೂ ಅಕಿಲಿನೊನೇ.

ಮರುದಿನ ಊರಿನ ಅಧಿಕಾರಿ ಎವರಿಸ್ಟೊ ಕಂಪನಿಯ ಕಾರಿನಲ್ಲಿ ಬಂದಿಳಿದ. ಅಕಿಲಿನೊ ಎಲ್ಲರೆದುರು ಟೋಪಿ ತೆಗೆದು ಮೇಸ್ತ್ರಿಯ ಕ್ಷಮೆ ಕೇಳಬೇಕು, ಇಲ್ಲವಾದರೆ ಕೆಲಸವೂ ಇಲ್ಲ, ಕಂಪನಿಯ ತಗಡಿನ ಮನೆಯೂ ಇಲ್ಲ ಎಂದ. ಆ ಮನೆಯಲ್ಲಿ ಹೆಂಡತಿ, ನಾಲ್ಕು ಮಕ್ಕಳಿದ್ದರು.

“ಅಮೆರಿಕದವ್ರಿಗೆ ಸಿಟ್ಟು ಬಂದ್ರೆ ಯುದ್ಧದ ಹಡಗು ಕಳಿಸ್ತಾರೆ ಕಣೋ ಸೂಳೇಮಗನೆ. ನಿನ್ನೊಬ್ಬನ ಬಾಯಾರಿಕೆಗೆ ದೇಶ ಮುಳುಗ್ಬೇಕಾ?”

ಪೈಪು ಹೊರುವವರಲ್ಲಿ ಹಿರಿಯನಾದ ನಿಕನೋರ್ ನೆಲಕ್ಕೆ ಉಗಿದ. “ಆ ಹಡಗುಗಳು ಬಂದಿದ್ವಲ್ಲ ಸ್ವಾಮಿ, ಹಿಂದಿನ ದೊರೆ ಕುರ್ಚಿ ಹತ್ತಿದಾಗ. ಕುರ್ಚಿ ಅಲ್ಲಾಡದಂಗೆ ಹಿಡ್ಕಳಕ್ಕೆ. ನಾನೇ ದೋಣೀಲಿ ಹೋಗಿ ಬಾಳೆಹಣ್ಣು ಮಾರಿದ್ದೆ. ಹಣ್ಣು ತಿಂದ್ರು, ಸಿಪ್ಪೆ ನಮ್ಮ ನೀರಿಗೆ ಎಸೆದ್ರು. ಆವಯ್ಯ ಇಪ್ಪತ್ತೇಳು ವರ್ಷ ಆಳ್ದ.”

ಆಮೇಲೆ ಹಡಗು ಬೇಕಾಗಲಿಲ್ಲ. ಅಮೆರಿಕದವರು ತೋರಿಸಿದಲ್ಲಿ ದೊರೆ ರುಜು ಹಾಕುತ್ತಿದ್ದ. ಎಣ್ಣೆಯ ಕಾನೂನನ್ನು ಕಂಪನಿಗಳ ವಕೀಲರೇ ಬರೆದುಕೊಟ್ಟರೆಂದು ಜನ ಆಡಿಕೊಳ್ಳುತ್ತಿದ್ದರು. ಈಗ ಆ ದೊರೆಯೂ ಸತ್ತಿದ್ದ. ಹಡಗಿನ ಹೆಸರಿಗೆ ಮಾತ್ರ ಸಾವಿರಲಿಲ್ಲ.

ಅಕಿಲಿನೊನಿಗೆ ಸಿಟ್ಟು ಬರಲಿಲ್ಲ. ಸಿಟ್ಟಿಗೂ ಒಂದಿಷ್ಟು ತ್ರಾಣ ಬೇಕು. ಅವನು ಟೋಪಿ ತೆಗೆದ. ಅಧಿಕಾರಿಯ ಮುಖ ಅರಳಿತು. ಅಕಿಲಿನೊ ನಿಧಾನ ನಡೆದು ಹೋಗಿ ಟೋಪಿಯನ್ನು ನೆರಳಿನ ಪೀಪಾಯಿಗೆ ಅದ್ದಿ, ಸೋರುವಷ್ಟು ಸೋರಿ ಉಳಿದದ್ದನ್ನು ಕುಡಿದ. ಮತ್ತೆ ತುಂಬಿ ನಿಕನೋರನ ಕಡೆ ಚಾಚಿದ.

“ಕುಡಿ ಮಾವ. ಹಲ್ಲು ಜುಂ ಅಂತದೆ, ಹುಷಾರು.”

“ಹಲ್ಲೆಲ್ಲಿ ಉಳಿದಾವೋ ಮಗ,” ಎಂದು ಮುದುಕ ಕುಡಿದ. ಅವನ ಹಿಂದೆ ಒಬ್ಬೊಬ್ಬರೇ ಬಂದು ನಿಂತರು.

ಐಸು ದಿನಕ್ಕೊಮ್ಮೆ ಮಾತ್ರ ದೋಣಿಯಲ್ಲಿ ಬರುತ್ತಿತ್ತು. ಪೀಪಾಯಿಯನ್ನು ಮೇಸ್ತ್ರಿ ತಾನೇ ಒದ್ದು ಉರುಳಿಸಿದ. ಅಂದು ಅಮೆರಿಕದವರಿಗೂ ತಣ್ಣೀರು ಉಳಿಯಲಿಲ್ಲ. ತೊಳೆಯಲು ಯಾರೂ ಮುಂದೆ ಬರಲಿಲ್ಲ.

ಸಂಜೆಯೊಳಗೆ ಹನ್ನೊಂದು ಮಂದಿಯ ಕೆಲಸ ಹೋಯಿತು, ಅಕಿಲಿನೊನ ಮನೆಯೂ ಹೋಯಿತು.