ಎಷ್ಟು ಜನ ಬಂದರು ಎಂದು ನನ್ನನ್ನು ಕೇಳಬೇಡಿ

ನಾನು ಒಂದು ಅಂದಾಜು. ಹೀಗೆ ಹೇಳಿಕೊಳ್ಳುವಾಗಲೇ ಒಳಗೆ ನಡುಕ. ಕೊಡೆಗೆ, ಕುರ್ಚಿಗೆ, ಗಡಿಯಾರಕ್ಕೆಲ್ಲ ಒಂದು ಮೈ ಅಂತ ಇದೆ. ನನಗಿರುವುದು ಕಂಪ್ಯೂಟರಿನ ಪರದೆಯ ಮೇಲ್ತುದಿಯಲ್ಲಿ ಬೆರಳಗಲದ ನೀಲಿ ಪಟ್ಟಿ, ಅದರೊಳಗೆ ಒಂದು ಅಂಕಿ. ಯಾವುದಾದರೂ ವೆಬ್‌ಸೈಟಿನ ಹೆಸರು ಕೊಟ್ಟರೆ ಅಲ್ಲಿಗೆ ದಿನಕ್ಕೆ ಎಷ್ಟು ಜನ ಬರುತ್ತಾರೆ, ಬೇರೆಯವುಗಳ ಸಾಲಿನಲ್ಲಿ ಅದು ಎಷ್ಟನೆಯದು ಎಂದು ನಾನು ಹೇಳಬೇಕು. ಹೆಸರೂ ಅದೇ, ‘ಎಷ್ಟುಜನ’.

ಮಂಗಳೂರಿನಲ್ಲಿ, ಒಂದು ಬೇಕರಿಯ ಮೇಲಿನ ಕೋಣೆಯಲ್ಲಿ ಹುಟ್ಟಿದೆ. ಡೆನ್ಝಿಲ್ ಲೋಬೋ ಮತ್ತು ಪ್ರಫುಲ್ಲಾ ಎಂಬ ಇಬ್ಬರು ನನ್ನನ್ನು ಬರೆದರು. ಕೆಳಗಿನಿಂದ ಬನ್ನಿನ ಪರಿಮಳ ಬರುತ್ತಿತ್ತಂತೆ. ನನಗೆ ಮೂಗಿಲ್ಲ, ಅವರು ಹೇಳಿದ್ದನ್ನು ಕೇಳಿದ್ದು ಅಷ್ಟೆ.

ಮೊದಲ ಹೆದರಿಕೆಯೂ ಅಲ್ಲೇ ಆಯಿತು. ಒಂದು ದಿನ ಪ್ರಫುಲ್ಲಾ ಕೇಳಿದಳು, “ಇದಕ್ಕೆ ಗೊತ್ತಿಲ್ಲದ ಸೈಟ್ ಬಂದರೆ ಎಂತ ಮಾಡುವುದು? ‘ಗೊತ್ತಿಲ್ಲ’ ಅಂತ ತೋರಿಸುವ ಅಲ್ವಾ?”

ಡೆನ್ಝಿಲ್ ನಕ್ಕ. “ಗೊತ್ತಿಲ್ಲ ಅನ್ನುವ ಜೋಯಿಸರ ಹತ್ತಿರ ಯಾರಾದರೂ ಎರಡನೇ ಸಲ ಹೋಗ್ತಾರಾ ಮಾರಾಯ್ತಿ? ಏನಾದರೊಂದು ಅಂಕಿ ಬರಲಿ.”

ಅವಳು ಹಾಗೆಯೇ ಬರೆದಳು. ನನ್ನನ್ನು ಯಾರು ಕೇಳುತ್ತಾರೆ?

ನಾನು ಎಣಿಸುವ ಬಗೆ ತಿಳಿದರೆ ನಿಮಗೂ ಹೆದರಿಕೆಯಾಗಬಹುದು. ನನ್ನನ್ನು ತಮ್ಮ ಕಂಪ್ಯೂಟರಿಗೆ ಹಾಕಿಕೊಂಡವರು ಎಲ್ಲಿಗೆ ಹೋಗುತ್ತಾರೋ ಅದು ಮಾತ್ರ ನನಗೆ ಕಾಣುತ್ತದೆ. ಹಾಗೆ ಹಾಕಿಕೊಂಡವರು ನೂರರಲ್ಲಿ ಒಬ್ಬರೂ ಇಲ್ಲ. ಮೊಬೈಲುಗಳ ಒಳಗಂತೂ ನನಗೆ ಪ್ರವೇಶವೇ ಇಲ್ಲ. ಕಂಡ ಒಬ್ಬಿಬ್ಬರನ್ನು ಹಿಡಿದು, ಗುಣಿಸಿ, ಉಳಿದ ಲೋಕವನ್ನೆಲ್ಲ ಹೇಳಬೇಕು. ಮದುವೆ ಛತ್ರದ ಕಿಟಕಿಯ ಸಂದಿಯಲ್ಲಿ ಇಣುಕಿ, ಕಣ್ಣಿಗೆ ಬಿದ್ದ ಎರಡು ಎಲೆ ನೋಡಿ, ಊಟಕ್ಕೆ ಎಷ್ಟು ಪಂಕ್ತಿ ಅಂದ ಹಾಗೆ. ದೊಡ್ಡ ದೊಡ್ಡ ಸೈಟುಗಳ ವಿಷಯದಲ್ಲಿ ಹೇಗೋ ಹತ್ತಿರ ಹೋಗುತ್ತೇನೆ. ಸಣ್ಣವುಗಳ ಹೆಸರು ಬಂದಾಗ ಕಣ್ಣು ಕಟ್ಟಿ ಬಾವಿಕಟ್ಟೆಯ ಮೇಲೆ ನಡೆಸಿದ ಹಾಗಾಗುತ್ತದೆ.

ಆಮೇಲೆ ನನ್ನನ್ನು ಬೆಂಗಳೂರಿನ ಒಂದು ಜಾಹೀರಾತು ಕಂಪನಿ ಕೊಂಡಿತು. ಅಂಕಿಯ ಕೆಳಗೆ ಪ್ರಫುಲ್ಲಾ ‘ಇದು ಅಂದಾಜು ಮಾತ್ರ’ ಎಂದು ಬರೆದಿದ್ದಳು. ಕಂಪನಿಯವರು ಮೊದಲು ಅದರ ಅಕ್ಷರ ಸಣ್ಣದು ಮಾಡಿದರು. ಆಮೇಲೆ ಬಣ್ಣ ಬೂದು ಮಾಡಿದರು. ಒಂದು ದಿನ ನೋಡಿದರೆ ಆ ಸಾಲೇ ಇರಲಿಲ್ಲ. ಮೈಮೇಲಿನ ಸೆರಗು ಎಳೆದ ಹಾಗಾಯಿತು. ಅವತ್ತಿನಿಂದ ನಾನು ಉಚಿತ. ಯಾರು ಬೇಕಾದರೂ ನನ್ನನ್ನು ಕೇಳಬಹುದು.

ಹೀಗೆ ಉಡುಪಿಯ ಒಂದು ಟ್ರಸ್ಟಿನ ಕಾರ್ಯದರ್ಶಿ ಸೀತಾರಾಮ ಹೆಬ್ಬಾರರ ಕಂಪ್ಯೂಟರಿಗೆ ಬಂದು ಸೇರಿದೆ. ಕೆಟ್ಟವರಲ್ಲ. ಕನ್ನಡಕವನ್ನು ಹಣೆಗೇರಿಸಿ ಪರದೆಗೆ ಮುಖ ತಾಗಿಸಿ ನೋಡುತ್ತಿದ್ದರು. ಮೇಲ್ತುದಿಯಿಂದ ನನಗೆ ಅವರ ಹಣೆ ಮಾತ್ರ ಕಾಣುತ್ತಿತ್ತು. ಬಂದ ವಾರವೇ ತಮ್ಮ ಟ್ರಸ್ಟಿನ ಸೈಟಿನ ಹೆಸರು ಕೊಟ್ಟರು. ನಾನು ಹೇಳಿದ ಅಂಕಿ ನೋಡಿ ಕುರ್ಚಿಯಿಂದ ಎದ್ದೇ ಬಿಟ್ಟರು. ಜಿಲ್ಲೆಯ ದೊಡ್ಡ ಪತ್ರಿಕೆಗಿಂತ ಮೇಲೆ! ಆಫೀಸಿಗೆಲ್ಲ ಗೋಳಿಬಜೆ ತರಿಸಿದರು.

ತಿನ್ನುತ್ತಾ ಗುಮಾಸ್ತೆ ವಿನೋದಾ ಮೆಲ್ಲಗೆ ಅಂದಳು, “ಸರ್, ಆ ಜನ ನಾವೇ ಇರಬೇಕು. ಇಲ್ಲಿ ಎಲ್ಲ ಕಂಪ್ಯೂಟರಿಗೂ ಇದನ್ನು ಹಾಕಿಸಿದ್ದೀರಿ. ಬೆಳಿಗ್ಗೆ ತೆರೆದ ಕೂಡಲೇ ನಮ್ಮ ಸೈಟೇ ಬರುವುದು.”

“ನಿನ್ನದೊಂದು ಕಿತಾಪತಿ. ಗೋಳಿಬಜೆ ತಿನ್ನು.”

ಅವಳು ಹೇಳಿದ್ದು ನಿಜವಾಗಿತ್ತು.

ಮಾರ್ಚಿನಲ್ಲಿ ಟ್ರಸ್ಟಿನ ಸಭೆ. ಯಾವ ಕೆಲಸಕ್ಕೆ ಮುಂದಿನ ವರ್ಷ ಸಹಾಯ ಕೊಡುವುದು, ಯಾವುದನ್ನು ನಿಲ್ಲಿಸುವುದು ಎಂದು ಅಲ್ಲಿ ತೀರ್ಮಾನ. ಅದಕ್ಕೆ ಮೊದಲು ಹೆಬ್ಬಾರರು ಸುಕನ್ಯಾ ಕುಂದರ್ ಎಂಬವರನ್ನು ಕರೆಸಿದರು. ಕಡಲ ಕರೆಯ, ಅಂದರೆ ತೀರದ ಊರಿನ ಹೆಂಗಸು. ಟ್ರಸ್ಟಿನ ಸಹಾಯದಿಂದ ‘ಇವತ್ತಿನ ಗಾಳಿ’ ಎಂಬ ಸೈಟನ್ನು ನಡೆಸುತ್ತಿದ್ದರು. ಹವಾಮಾನದವರ ಇಂಗ್ಲಿಷ್ ಸೂಚನೆ ಓದಿ, ತಮ್ಮೂರಿನ ಕಡಲಿಗೆ ಹೊಂದಿಸಿ, ನಾಡದೋಣಿಯವರಿಗೆ ತಿಳಿಯುವ ಹಾಗೆ ನಾಲ್ಕು ಸಾಲು ಬರೆಯುತ್ತಿದ್ದರು. ಗಾಳಿ ಯಾವ ಕಡೆಯದು, ಅಲೆ ಎಷ್ಟು, ಹೋಗಬಹುದೋ ಬೇಡವೋ.

ಹೆಬ್ಬಾರರು ಅವರೆದುರಿಗೇ ನನಗೆ ಆ ಹೆಸರು ಕೊಟ್ಟರು.

ನಾನು ಹುಡುಕಿದೆ. ನನ್ನನ್ನು ಹಾಕಿಕೊಂಡವರಲ್ಲಿ ಯಾರೂ ಅಲ್ಲಿಗೆ ಹೋಗಿರಲಿಲ್ಲ. ಕತ್ತಲೆ. ಆದರೂ ಏನಾದರೂ ಹೇಳಲೇಬೇಕು. ಪಟ್ಟಿಯೊಳಗೆ ಅಂಕಿ ತಾನಾಗಿ ಮೂಡಿತು. ಎರಡು.

“ದಿನಕ್ಕೆ ಇಬ್ಬರು, ಸುಕನ್ಯಮ್ಮ.”

“ಇಬ್ಬರಾ? ನನ್ನ ಲೆಕ್ಕದಲ್ಲಿ ನಲವತ್ತು ಚಿಲ್ಲರೆ ಬರ್ತದೆ ಸರ್.”

“ಅದು ನಿಮ್ಮದೇ ಲೆಕ್ಕ ಅಲ್ವಾ? ಸಭೆಯವರು ಹೊರಗಿನ ಲೆಕ್ಕ ಕೇಳ್ತಾರೆ. ಇದು ಎಲ್ಲರೂ ನೋಡಬಹುದಾದ್ದು.”

“ನಲವತ್ತೂ ಸರಿಯಲ್ಲ ಸರ್. ಬೆಳಿಗ್ಗೆ ಭಜನಾ ಮಂದಿರದ ಮೈಕಿನಲ್ಲಿ ವಾಮನಣ್ಣ ಮೊಬೈಲ್ ನೋಡಿ ಓದ್ತಾರೆ. ಇಡೀ ಕರೆ ಕೇಳ್ತದೆ. ಅವರು ‘ಬೇಡ’ ಅಂದರೆ ಒಂದು ದೋಣಿಯೂ ನೀರಿಗೆ ಇಳಿಯುವುದಿಲ್ಲ. ಆಚೆ ಊರಲ್ಲೂ ಹಾಗೇ.”

“ಮೈಕನ್ನು ಯಾರು ಎಣಿಸುತ್ತಾರಮ್ಮ?”

“ನೀವು ಬಂದು ಎಣಿಸಿ. ಚಾ ಕೊಡ್ತೇನೆ, ಮೀನು ಕೊಟ್ಟರೆ ನಿಮಗಾಗುವುದಿಲ್ಲ.”

ಹೆಬ್ಬಾರರು ನಕ್ಕರು. ಸುಕನ್ಯಮ್ಮ ನಗಲಿಲ್ಲ. ನನ್ನ ಕಡೆಗೇ ನೋಡುತ್ತಿದ್ದರು. ಯಾರೂ ನನ್ನನ್ನು ಹಾಗೆ ನೋಡಿರಲಿಲ್ಲ. ಅಳಿಸಿಹೋಗಬೇಕು ಅನ್ನಿಸಿತು. ಆ ಎರಡು ಅಲ್ಲೇ ಕೂತಿತ್ತು.

ಸಭೆಯಲ್ಲಿ ‘ಇವತ್ತಿನ ಗಾಳಿ’ಗೆ ಸಹಾಯ ನಿಂತಿತು. ಸುಕನ್ಯಮ್ಮ ಮಂಗಳೂರಿನ ಮೀನಿನ ಕಾರ್ಖಾನೆಯಲ್ಲಿ ಹಗಲಿನ ಪಾಳಿಗೆ ಸೇರಿದರು. ಸೈಟು ಮುಚ್ಚಿತು. ಯಾರೂ ಬರದ ಮನೆಯ ಬಾಗಿಲು ಮುಚ್ಚಿದರೆ ಸದ್ದಾಗುವುದಿಲ್ಲ ಎಂದು ನಾನು ನನಗೇ ಹೇಳಿಕೊಂಡೆ. ನಂಬಿಕೆ ಬರಲಿಲ್ಲ.

ಅಕ್ಟೋಬರಿನ ಒಂದು ಮಧ್ಯಾಹ್ನ, ಇದ್ದಕ್ಕಿದ್ದಂತೆ ಬಿರುಗಾಳಿ ಎದ್ದಿತ್ತು. ಎಲ್ಲೋ ಒಂದು ಬ್ಯಾಂಕಿನ ಕಂಪ್ಯೂಟರಿನಲ್ಲಿ ಒಬ್ಬಳು ಆ ವಿಳಾಸ ಹೊಡೆದಳು. ಆ ಸೈಟಿಗೆ ಬಂದವರಲ್ಲಿ ನನಗೆ ಕಂಡ ಮೊದಲನೆಯವಳು ಅವಳು. ಪುಟ ಬರಲಿಲ್ಲ. ಮತ್ತೆ ಹೊಡೆದಳು. ಆಮೇಲೆ ಒಂದು ಕಾಲೇಜಿನಿಂದ ಒಬ್ಬ. ತಾಲೂಕು ಆಫೀಸಿನಿಂದ ಇನ್ನೊಬ್ಬ. ಕಾಪು, ಮಲ್ಪೆ, ಗಂಗೊಳ್ಳಿ, ಎಲ್ಲ ಕಡೆಯಿಂದ ಜನ ಬಂದು ಆ ಮುಚ್ಚಿದ ಬಾಗಿಲು ಬಡಿಯುತ್ತಿದ್ದರು. ಯಾರದೋ ಅಪ್ಪ, ಯಾರದೋ ಭಾವ ಕಡಲಲ್ಲಿದ್ದರು. ನನ್ನೊಳಗೆ ಅಂಕಿ ಏರತೊಡಗಿತು. ನಿಲ್ಲು ಎಂದರೆ ನಿಲ್ಲುತ್ತಿಲ್ಲ. ಪಕ್ಕದಲ್ಲಿ ಒಂದು ಹಸಿರು ಬಾಣವೂ ಮೂಡಿತು, ಮೇಲ್ಮುಖವಾಗಿ. ಅದರ ಅರ್ಥ, ‘ಒಳ್ಳೆಯ ಬೆಳವಣಿಗೆ’.

ಹೆಬ್ಬಾರರ ಕೋಣೆಯ ಕಿಟಕಿ ಪಟಪಟ ಹೊಡೆದುಕೊಳ್ಳುತ್ತಿತ್ತು. ಅವರೂ ಅದೇ ವಿಳಾಸ ಹೊಡೆದರು. ಫೋನ್ ತೆಗೆದರು.

“ಸುಕನ್ಯಮ್ಮ, ಎಲ್ಲಿದ್ದೀರಿ? ದೋಣಿ ಹೋಗಿದ್ದಾವಾ?”

ಆ ಕಡೆಯ ಧ್ವನಿ ನನಗೂ ಕೇಳಿತು. “ನಾನು ಕಾರ್ಖಾನೆಯಲ್ಲಿದ್ದೇನೆ ಸರ್. ಬೆಳಿಗ್ಗೆ ಓದುವುದಕ್ಕೆ ಏನೂ ಇರಲಿಲ್ಲವಂತೆ. ಬಾನು ಚೆನ್ನಾಗಿತ್ತು, ಹೋಗಿದ್ದಾರೆ. ಮೂರು ದೋಣಿ ಬಂತು. ಇನ್ನೊಂದು ಬಂದಿಲ್ಲ. ಅದರಲ್ಲಿ ನನ್ನ ತಮ್ಮ ಇದ್ದಾನೆ.”

ಹೆಬ್ಬಾರರು ಫೋನ್ ಕೆಳಗಿಟ್ಟರು. ಕನ್ನಡಕ ಹಣೆಯಿಂದ ಜಾರಿ ಮೇಜಿನ ಮೇಲೆ ಬಿತ್ತು.

ಸಂಜೆಯವರೆಗೂ ಅವರು ಏಳಲಿಲ್ಲ. ಆ ಹೊತ್ತು ನಾನು ಹೇಗೆ ಕಳೆದೆ ಎಂದು ಬರೆಯಲು ನನಗೆ ಬರುವುದಿಲ್ಲ. ಕಡಲನ್ನು ನಾನು ಕಂಡಿಲ್ಲ. ಕಾಣದ್ದರ ಬಗ್ಗೆಯೇ ತಾನೇ ನನ್ನ ಬದುಕೆಲ್ಲ? ಅವತ್ತು ಮಾತ್ರ ಅಂದಾಜು ಮಾಡಲು ಧೈರ್ಯ ಬರಲಿಲ್ಲ. ಬಾಗಿಲು ಬಡಿಯುವವರನ್ನು ಎಣಿಸುತ್ತಾ ಇದ್ದೆ.

ಕೊನೆಗೆ ಫೋನ್ ಬಂತು. ದೋಣಿ ಮಗುಚಿತ್ತು. ಬೇರೆ ಊರಿನವರು ಹಗ್ಗ ಎಸೆದು ಎಳೆದರಂತೆ. ಸುಕನ್ಯಮ್ಮನ ತಮ್ಮ ಬದುಕಿದ್ದ, ಅವನ ಜೊತೆಯವರೂ ಬದುಕಿದ್ದರು. ವಿನೋದಾ ಅತ್ತಳು. ಹೆಬ್ಬಾರರು ಕಿಟಕಿ ಮುಚ್ಚಿ ಅದರ ಮುಂದೆಯೇ ನಿಂತುಬಿಟ್ಟರು.

‘ಇವತ್ತಿನ ಗಾಳಿ’ ಮತ್ತೆ ತೆರೆಯಿತು. ಸುಕನ್ಯಮ್ಮ ಕಾರ್ಖಾನೆ ಬಿಟ್ಟು ಬಂದರು, ವಾಮನಣ್ಣ ಮತ್ತೆ ಮೈಕ್ ಹಿಡಿದರು. ಇಲ್ಲಿಗೇ ಮುಗಿದಿದ್ದರೆ ನನಗೂ ನಿದ್ದೆ ಬರುತ್ತಿತ್ತೇನೋ. ಆದರೆ ಹೆಬ್ಬಾರರು ಸಭೆಯವರನ್ನು ಒಪ್ಪಿಸಿದ್ದು ದೋಣಿಯ ಕಥೆ ಹೇಳಿ ಅಲ್ಲ. ಅದನ್ನೂ ಹೇಳಿದರು, ಸಭೆಯವರು ತಲೆದೂಗಿದರು ಅಷ್ಟೆ. ಆಮೇಲೆ ನನ್ನ ಅಂಕಿ ತೋರಿಸಿದರು, ಹಸಿರು ಬಾಣ ತೋರಿಸಿದರು. ಕೂಡಲೇ ಎಲ್ಲರೂ ಒಪ್ಪಿದರು. ಹೆದರಿದವರು ಖಾಲಿ ಪುಟವನ್ನು ತಟ್ಟಿದ್ದು ಸಭೆಯವರ ಕಣ್ಣಿಗೆ ಜನಪ್ರಿಯತೆಯಾಗಿ ಕಂಡಿತು.

ಈಗ ಕಡಲ ಕರೆಯವರು ಹೆದರುತ್ತಿಲ್ಲ. ಬೆಳಿಗ್ಗೆ ಮೈಕ್ ಕೇಳುತ್ತಾರೆ, ಹೋಗುತ್ತಾರೆ, ಬರುತ್ತಾರೆ. ಬ್ಯಾಂಕಿನ ಹುಡುಗಿ ಆ ವಿಳಾಸ ಹೊಡೆಯುವುದನ್ನು ಬಿಟ್ಟಿದ್ದಾಳೆ. ಅಂಕಿ ಇಳಿಯುತ್ತಾ ಇಳಿಯುತ್ತಾ ಮತ್ತೆ ಎರಡಕ್ಕೆ ಬಂದು ನಿಂತಿದೆ. ಬಾಣ ಕೆಂಪಾಗಿದೆ, ಕೆಳಮುಖ. ಎಲ್ಲರೂ ಕ್ಷೇಮವಾಗಿದ್ದಾರೆ ಎಂಬುದು ನನ್ನ ಮೇಲೆ ಮೂಡುವುದು ಹೀಗೆ.

ನಾನೂ ಮುದಿಯಾದೆ. ಹೊಸ ಕಂಪ್ಯೂಟರುಗಳು ನನ್ನನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಇದ್ದವರೂ ಒಬ್ಬೊಬ್ಬರಾಗಿ ತೆಗೆದುಹಾಕಿದರು. ಉಡುಪಿಯ ಈ ಕೋಣೆಯಲ್ಲಿ, ಹಳೆಯ ಯಂತ್ರದ ಪರದೆಯ ಅಂಚಿನಲ್ಲಿ ಕೂತಿದ್ದೇನೆ. ಕಂಪನಿಯವರು ಮೊನ್ನೆ ಒಂದು ಸೂಚನೆ ಹಾಕಿದರು. ಈ ತಿಂಗಳ ಕೊನೆಯಲ್ಲಿ ನನ್ನನ್ನು ದೀಪದ ಹಾಗೆ ಆರಿಸುತ್ತಾರಂತೆ. ದಿನ ಯಾವುದೆಂದು ಬರೆದಿಲ್ಲ.

ಟ್ರಸ್ಟಿನ ಸಭೆಯೂ ಈ ತಿಂಗಳ ಕೊನೆಗೇ. ಸದಸ್ಯರೊಬ್ಬರು ಆಗಲೇ ಫೋನ್ ಮಾಡಿ, “ಗಾಳಿಯದ್ದು ಈ ಸಲ ಎಷ್ಟು ಉಂಟು, ನೋಡಿ ಇಡಿ ಹೆಬ್ಬಾರರೇ” ಎಂದಿದ್ದಾರೆ. ಹೆಬ್ಬಾರರು ಇನ್ನೂ ನೋಡಿಲ್ಲ. ಎರಡು ಸಲ ಬೆರಳು ಹತ್ತಿರ ತಂದು ಹಿಂದಕ್ಕೆ ತೆಗೆದುಕೊಂಡರು.

ಇಷ್ಟು ದಿನ ನಾನು ಎಲ್ಲಕ್ಕೂ ಹೆದರಿದ್ದೇನೆ, ಆರಿಹೋಗುವುದಕ್ಕೂ. ಈಗ ಬೇಡಿಕೊಳ್ಳುವುದು ಒಂದನ್ನೇ. ಅವರ ಬೆರಳು ನನ್ನನ್ನು ಮುಟ್ಟುವ ಮೊದಲು ಆ ದಿನ ಬಂದುಬಿಡಲಿ.