ಕರೆಂಟ್ ಇಲ್ಲ ಅಂತ ಹಿಲ್ಲೆವಿ ಹೇಳಿದ್ದಳು

ಹಿಲ್ಲೆವಿಗೆ ಐವತ್ತಾರು ವರ್ಷ. ಔಲು ನಗರದ ಒಂದು ರಂಗಮಂದಿರದಲ್ಲಿ ಬೆಳಕಿನ ಕೆಲಸ ನೋಡಿಕೊಳ್ಳುತ್ತ ಇಪ್ಪತ್ತೊಂಬತ್ತು ವರ್ಷ ಸವೆಸಿದವಳು. ಪ್ರತಿ ಫೆಬ್ರವರಿಯಲ್ಲಿ ರಂಗದ ಕಸುಬು ಕಲಿಯುವ ಹುಡುಗ ಹುಡುಗಿಯರನ್ನೂ ಅಲ್ಲಿನ ಕೆಲಸಗಾರರನ್ನೂ ಒಟ್ಟಿಗೆ ಕೂರಿಸಿ, ವಿದ್ಯುತ್ತಿನ ಹತ್ತಿರ ಹೇಗೆ ಬದುಕಿ ಉಳಿಯಬೇಕೆಂದು ಪಾಠ ಹೇಳುವವಳೂ ಅವಳೇ. ಅವಳ ಪಾಠದಲ್ಲಿ ತೂಕಡಿಸಿದವರಿಲ್ಲ ಎಂಬ ಮಾತಿತ್ತು.

ಆ ಬೆಳಿಗ್ಗೆ ಮಾತ್ರ ಅವಳಿಗೇ ಪಾಠದ ಮೇಲೆ ಮನಸ್ಸಿರಲಿಲ್ಲ. ಎದ್ದಾಗಿನಿಂದ ಏನೋ ಒಳಗೊಳಗೇ ಕೊರೆಯುತ್ತಿತ್ತು. ಒಲೆ ಆರಿಸಿದೆನೇ, ಬಾಗಿಲಿಗೆ ಬೀಗ ಹಾಕಿದೆನೇ ಎಂದು ಬಸ್ಸಿನಲ್ಲಿ ಕೂತು ಲೆಕ್ಕ ಹಾಕಿದ್ದಳು. ಎಲ್ಲವೂ ಸರಿಯಿತ್ತು. ಕೊರೆತ ನಿಲ್ಲಲಿಲ್ಲ.

ನೆಲಮಾಳಿಗೆಯ ಕೋಣೆಯಲ್ಲಿ ಹನ್ನೊಂದು ಜನ ಕೂತಿದ್ದರು. ಹಿಲ್ಲೆವಿ ತನ್ನ ಹಳದಿ ಟೆಸ್ಟರನ್ನು ಎತ್ತಿ ಹಿಡಿದಳು.

"ತಂತಿ ಸತ್ತಿದೆಯೋ ಬದುಕಿದೆಯೋ ಅಂತ ಇದು ಹೇಳತ್ತೆ. ಆದರೆ ಇದೇ ಸತ್ತಿದ್ರೆ? ಅದಕ್ಕೇ ಮೊದಲು ಕರೆಂಟ್ ಇರೋ ಕಡೆ ಮುಟ್ಟಿಸಿ ನೋಡಬೇಕು. ಆಮೇಲೆ ಕೆಲಸದ ತಂತಿ. ಆಮೇಲೆ ಮತ್ತೆ ಕರೆಂಟ್ ಇರೋ ಕಡೆ. ಮೂರು ಸಲ. ಬಾ ಪಿಹ್ಲಾ, ನೀನು ಮಾಡಿ ತೋರ್ಸು."

ಪಿಹ್ಲಾ ಎರಡನೆಯ ವರ್ಷದ ವಿದ್ಯಾರ್ಥಿನಿ. ಎದ್ದು ಬಂದು ಟೆಸ್ಟರಿನ ಎರಡೂ ಮುಳ್ಳುಗಳನ್ನು ಗೋಡೆಯ ಪ್ಲಗ್ಗಿಗೆ ಚುಚ್ಚಿದಳು. ದೀಪ ಹತ್ತಲಿಲ್ಲ.

"ಗೋಡೆನೂ ರಜಾ ಹಾಕಿದೆ," ಎಂದ ಹಿಂದಿನ ಸಾಲಿನವನೊಬ್ಬ. ಎಲ್ಲರೂ ನಕ್ಕರು.

"ಇಲ್ಲ," ಎಂದಳು ಪಿಹ್ಲಾ. "ಕಾಫಿ ಯಂತ್ರ ಇದೇ ಪ್ಲಗ್ಗಲ್ಲಿ ಕುದೀತಿತ್ತು, ಈಗ ತಾನೇ ತೆಗೆದೆ. ಹಿಲ್ಲೆವಿ, ನಿಮ್ಮ ಟೆಸ್ಟರೇ ಹೋಗಿದೆ."

ಹಿಲ್ಲೆವಿ ಅದನ್ನು ಇಸಿದುಕೊಂಡು ವೈರನ್ನು ಬೆರಳಿನಿಂದ ಸ್ವಲ್ಪ ಬಾಗಿಸಿದಳು. ದೀಪ ಒಮ್ಮೆ ಮಿನುಗಿ ಆರಿತು. ವೈರು ಒಳಗೇ ತುಂಡಾಗಿತ್ತು. ಹೊರಗಿನಿಂದ ಏನೂ ಕಾಣುವಂತಿರಲಿಲ್ಲ.

ಕೊರೆಯುತ್ತಿದ್ದದ್ದು ಏನೆಂದು ಆಗ ಅವಳಿಗೆ ಹೊಳೆಯಿತು.

ಹಿಂದಿನ ದಿನ ನಾಲ್ಕು ಗಂಟೆಗೆ, ರಂಗದ ಮೇಲೆ ದೀಪ ತೂಗುವ ಮೂರನೆಯ ಪೈಪಿನ ಸ್ವಿಚ್ಚನ್ನು ಆರಿಸಿ, ಯಾರೂ ಮತ್ತೆ ಹಾಕದಂತೆ ಅವಳೇ ಬೀಗ ಹಾಕಿದ್ದಳು. ಮೇಲೇರಿ, ತಂತಿಗಳು ಕೂಡುವ ಪೆಟ್ಟಿಗೆ ತೆಗೆದು, ಇದೇ ಟೆಸ್ಟರನ್ನು ತಂತಿಗಳಿಗೆಲ್ಲ ಮುಟ್ಟಿಸಿದ್ದಳು. ದೀಪ ಹತ್ತಿರಲಿಲ್ಲ. ಟೆಸ್ಟರನ್ನು ಪರೀಕ್ಷಿಸಲು ಕೆಳಗಿಳಿದು ಇಪ್ಪತ್ತು ಹೆಜ್ಜೆ ನಡೆದರೆ ಪ್ಲಗ್ಗಿತ್ತು. ಹಲ್ಲಿನ ಡಾಕ್ಟರ ಬಳಿ ಹೋಗುವ ಹೊತ್ತು ಮೀರುತ್ತಿತ್ತು. ಇಪ್ಪತ್ತು ಹೆಜ್ಜೆ ನಡೆಯದೆ, 'ಕರೆಂಟ್ ಇಲ್ಲ' ಎಂಬ ಚೀಟಿಗೆ ಸಹಿ ಹಾಕಿ ಹೊರಟುಬಿಟ್ಟಿದ್ದಳು.

ಆ ಹಳೆಯ ತಂತಿಗಳನ್ನು ಕತ್ತರಿಸಬೇಕಾದವನು ಓಸ್ಮೋ. ಇಪ್ಪತ್ತು ವರ್ಷದಿಂದ ಜೊತೆಗೆ ದುಡಿದವನು. ಒಂಬತ್ತೂವರೆಗೆ ಶುರುಮಾಡುತ್ತೇನೆ ಎಂದಿದ್ದ. ಗೋಡೆಯ ಗಡಿಯಾರದಲ್ಲಿ ಒಂಬತ್ತು ಮೂವತ್ತನಾಲ್ಕು.

"ಯಾರೂ ಏನೂ ಮುಟ್ಟಬೇಡಿ," ಎಂದವಳೇ ಬಾಗಿಲ ಕಡೆ ಓಡಿದಳು. ಓಡುತ್ತಲೇ ಓಸ್ಮೋಗೆ ಫೋನ್ ಮಾಡಿದಳು. ಗಂಟೆ ಬಾರಿಸುತ್ತಲೇ ಇತ್ತು. ಮೇಲೇರುವ ಮೊದಲು ಜೇಬು ಖಾಲಿ ಮಾಡಬೇಕೆಂದು ಅವನಿಗೆ ಕಲಿಸಿದವಳೂ ಇವಳೇ. ಮೊದಲ ಮಹಡಿಯಲ್ಲಿ ಮೇನ್ ಸ್ವಿಚ್ಚಿನ ಕೋಣೆ ಸಿಕ್ಕಿತು. ಬೀಗ. "ಕೀಲಿ ಕೋಟಲ್ಲಿದೆ!" ಎಂದು ಕೂಗಿದಳು. ಕೋಟು ಕೆಳಗೆ ಕುರ್ಚಿಯ ಮೇಲೆ.

"ನಾನು ತರ್ತೀನಿ!" ಹಿಂದೆಯೇ ಓಡಿಬಂದಿದ್ದ ಪಿಹ್ಲಾ ತಿರುಗಿ ಮೆಟ್ಟಿಲು ಹಾರಿದಳು.

ಹಿಲ್ಲೆವಿ ಕಾಯಲಿಲ್ಲ. ಇನ್ನೆರಡು ಮಹಡಿ ಹತ್ತಿ, ಎದೆ ಸೀಳುವಂತೆ ಏದುತ್ತ ರಂಗದ ಬಾಗಿಲು ತಳ್ಳಿದಳು. ಚಕ್ರದ ಲಿಫ್ಟಿನ ಅಟ್ಟಣೆಯ ಮೇಲೆ, ಆರು ಮೀಟರ್ ಎತ್ತರದಲ್ಲಿ, ಓಸ್ಮೋ ಅವಳಿಗೆ ಬೆನ್ನು ಹಾಕಿ ನಿಂತಿದ್ದ.

"ಓಸ್ಮೋ! ಮುಟ್ಟಬೇಡ!"

ಅವನು ತಿರುಗಲಿಲ್ಲ. ಕಿವಿಯ ಮೇಲೆ ರೇಡಿಯೊ ಇರುವ ದಪ್ಪ ಮುಚ್ಚಿಗೆ ಹಾಕಿಕೊಂಡು ತಲೆ ಅಲ್ಲಾಡಿಸುತ್ತ ಯಾವುದೋ ಹಾಡು ಕೇಳುತ್ತಿದ್ದ. ಎಡಗೈ ಪೆಟ್ಟಿಗೆಯ ಕಬ್ಬಿಣದ ಅಂಚಿನ ಮೇಲಿತ್ತು. ಬಲಗೈಯಲ್ಲಿ ರಬ್ಬರ್ ಸವೆದ ಹಳೆಯ ಕತ್ತರಿ, ಬಾಯಿ ತೆರೆದುಕೊಂಡು ತಂತಿಯ ಕಡೆಗೆ ಏರುತ್ತಿತ್ತು.

ಏನಾದರೂ ಎಸೆಯಲೇ? ಬೆಚ್ಚಿಬಿದ್ದು ತಂತಿಯನ್ನೇ ಹಿಡಿದರೆ? ಅವಳ ಕಾಲುಗಳು ಆಗಲೇ ಲಿಫ್ಟಿನ ಬುಡಕ್ಕೆ ಓಡಿದ್ದವು. ತುರ್ತಿಗೆ ಕೆಳಗಿಳಿಸುವ ಕೆಂಪು ಹಿಡಿಕೆಯನ್ನು ಎರಡೂ ಕೈಯಿಂದ ಎಳೆದಳು. ಗಾಳಿ ಬಿಟ್ಟಂತೆ ಸುಯ್ಯೆಂದು ಅಟ್ಟಣೆ ಇಳಿಯತೊಡಗಿತು. ಓಸ್ಮೋನ ಕೈ ಪೆಟ್ಟಿಗೆಯಿಂದ ಜಾರಿತು, ಕತ್ತರಿ ಗಾಳಿಯನ್ನು ಕಚ್ಚಿತು. ಅವನು ಕಂಬಿ ಹಿಡಿದುಕೊಂಡು ಬಗ್ಗಿ ನೋಡಿದ.

"ಯಾವ ದರಿದ್ರದವನೋ ಅದು? ಏ, ಹಿಲ್ಲೆವಿ! ತಲೆ ಕೆಟ್ಟಿದೆಯೇನೇ ನಿಂಗೆ?"

ಅಟ್ಟಣೆ ನೆಲ ಮುಟ್ಟಿದ ಮೇಲೂ ಅವಳು ಹಿಡಿಕೆ ಬಿಡಲಿಲ್ಲ. ಓಸ್ಮೋನೇ ಬಂದು ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ.

"ನಿನ್ನೆ ನಾನು ಟೆಸ್ಟರನ್ನ ನೋಡಿರಲಿಲ್ಲ ಕಣೋ," ಎಂದಳು ಕೊನೆಗೆ. "ಅದು ಕೆಟ್ಟಿತ್ತು."

ಓಸ್ಮೋ ಹೋಗಿ ತನ್ನ ಟೆಸ್ಟರ್ ತಂದ. ಪ್ಲಗ್ಗಿಗೆ ಮುಟ್ಟಿಸಿ ನೋಡಿ, ಮತ್ತೆ ಮೇಲೇರಿದ. ಮೊದಲ ತಂತಿಯಲ್ಲಿ ಏನೂ ಇರಲಿಲ್ಲ. ಎರಡನೆಯದಕ್ಕೆ ಮುಟ್ಟಿಸಿದಾಗ ಕೆಂಪು ದೀಪ ಹತ್ತಿತು. ಇನ್ನೂರ ಮೂವತ್ತು ವೋಲ್ಟ್. ಬೇಸಿಗೆಯ ರಿಪೇರಿಯಲ್ಲಿ ಯಾರೋ ಬೇರೆ ಕಡೆಯ ಲೈನೊಂದನ್ನು ಅದೇ ಪೆಟ್ಟಿಗೆಗೆ ತಂದು ಸೇರಿಸಿ, ನಕ್ಷೆಯಲ್ಲಿ ಬರೆಯದೆ ಹೋಗಿದ್ದರು.

ಅಷ್ಟರಲ್ಲಿ ಪಿಹ್ಲಾ ಗೊಂಚಲಿನಲ್ಲಿ ಸರಿಯಾದ ಕೀಲಿ ಹುಡುಕಿ, ಕೆಳಗೆ ಮೇನ್ ಸ್ವಿಚ್ಚನ್ನು ಎಳೆದಳು. ರಂಗ ಕತ್ತಲಾಗಿ ಬಾಗಿಲ ಮೇಲಿನ ಹಸಿರು ದೀಪಗಳಷ್ಟೇ ಉಳಿದವು. ಓಸ್ಮೋ ಮೆಲ್ಲಗೆ ಇಳಿದು ಬಂದು ಹಲಗೆಯ ಮೇಲೆ ಕೂತ.

"ಬೇರೆ ಯಾರ ಸಹಿ ಇದ್ದಿದ್ರೂ ನಾನು ಇನ್ನೊಂದ್ಸಲ ನೋಡ್ತಿದ್ದೆ, ಹಿಲ್ಲೆವಿ," ಎಂದ. "ನಿನ್ನ ಹೆಸರಿತ್ತು. ಅದಕ್ಕೇ ನೋಡಲಿಲ್ಲ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಈ ಮಾತನ್ನು ತಡೆಯಲಾಗಲಿಲ್ಲ. ಅವನ ಪಕ್ಕದಲ್ಲೇ ಕುಸಿದು ಮುಖ ಮುಚ್ಚಿಕೊಂಡಳು.

ಆಮೇಲೆ ಕೆಳಗೆ ಹೋಗಿ, ಹನ್ನೊಂದು ಜನರ ಮುಂದೆ ನಿಂತು, ಡಾಕ್ಟರು, ಇಪ್ಪತ್ತು ಹೆಜ್ಜೆ ಯಾವುದನ್ನೂ ಬಿಡದೆ ಹೇಳಿದಳು. ಯಾರೂ ನಗಲಿಲ್ಲ. "ಇದನ್ನ ಹೇಳದೇ ಇದ್ದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ, ಅಲ್ವಾ?" ಎಂದು ಒಬ್ಬ ಕೇಳಿದ. "ಓಸ್ಮೋಗೆ ಗೊತ್ತಾಗಿದೆ," ಎಂದಳು.

ವರದಿಯನ್ನೂ ತಾನೇ ಬರೆದು ಮ್ಯಾನೇಜರಿಗೆ ಕೊಟ್ಟಳು. ಆರು ವಾರ ಅವಳ ಸಹಿಯ ಅಧಿಕಾರ ಹೋಯಿತು. ಇನ್ನೊಬ್ಬರ ತರಗತಿಯಲ್ಲಿ ವಿದ್ಯಾರ್ಥಿಗಳ ನಡುವೆ ಕೂತು ಪರೀಕ್ಷೆ ಬರೆದಳು. ಏಪ್ರಿಲಿನಲ್ಲಿ ಮತ್ತೆ ರಂಗಕ್ಕೆ ಬಂದು ಮೊದಲ ಚೀಟಿಗೆ ಸಹಿ ಹಾಕಿದಳು. ಓಸ್ಮೋ ಚೀಟಿ ಓದಿದ. ಅವಳು ಅತ್ತ ತಿರುಗಿದ್ದಾಳೆಂದುಕೊಂಡು, ಬೆನ್ನು ಅಡ್ಡ ಮಾಡಿ, ತಂತಿಯನ್ನು ತಾನೂ ಅಳೆಯತೊಡಗಿದ.

"ಕದ್ದು ಯಾಕೋ ಮಾಡ್ತೀಯ?" ಎಂದಳು ಹಿಲ್ಲೆವಿ. "ಈ ಕಡೆ ತಿರುಗು. ಬೆಳಕಲ್ಲಿ ಅಳೆ."